ಆಷಾಢದಲ್ಲಿ ಮಾಡಿಸಿದ ಕುರ್ಚಿ

ಹಂಗಳದ ಚಿಕ್ಕಮಲ್ಲಪ್ಪ ಆ ದಿನ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಯಾರಿಗೂ ಕೇಡು ಬಯಸಿ ಅಲ್ಲ, ಬರೀ ನಾಚಿಕೆಗೆ.

ಹೆಂಡತಿ ಗುರುಸಿದ್ದಮ್ಮ ಶಿವನ ಪಾದ ಸೇರಿ ವರ್ಷವಾಗಿತ್ತು. ವರ್ಷದ ಕಾರ್ಯ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಮಗ ಸೊಸೆ ಚೆಂಡುಹೂ ಬಿಡಿಸಲು ಹೊಲಕ್ಕೆ ಹೋಗಿದ್ದರು. ಚಿಕ್ಕಮಲ್ಲಪ್ಪ ಲಿಂಗಪೂಜೆ ಮುಗಿಸಿ, ನಡುಮನೆಯಲ್ಲಿ ಅವಳ ಕುರ್ಚಿಯ ಮೇಲಿಟ್ಟಿದ್ದ ಅವಳ ಪಟಕ್ಕೆ ವಿಭೂತಿ ಹಚ್ಚಿದ. ದಿನದ ಅಭ್ಯಾಸದಂತೆ ಕುರ್ಚಿಯ ಬೆನ್ನಿಗೂ ಮೂರು ಎಳೆ ಎಳೆದ. ಆಮೇಲೆ ಪಟವನ್ನು ತೆಗೆದು ಗೂಡಿನಲ್ಲಿಟ್ಟ. ಬಾಗಿಲ ಕಡೆ ನೋಡಿದ. ಯಾರೂ ಇಲ್ಲ. ಪಂಚೆ ಎತ್ತಿ ಕಟ್ಟಿ, ಕುರ್ಚಿಗೆ ಬೆನ್ನು ಮಾಡಿ, ಮೆಲ್ಲಗೆ ಬಗ್ಗಿದ.

ಆ ಕುರ್ಚಿ ಮನೆಗೆ ಬಂದಾಗಿನಿಂದ ಅವನು ಅದರಲ್ಲಿ ಕೂತಿರಲಿಲ್ಲ.

ಮದುವೆಯಾದ ಮೊದಲ ಆಷಾಢಕ್ಕೆ ತವರೂರಾದ ಕುದೇರಿಗೆ ಹೋದ ಗುರುಸಿದ್ದಮ್ಮ, ಶ್ರಾವಣದಲ್ಲಿ ಮರಳುವಾಗ ಅದನ್ನು ಗಾಡಿಯಲ್ಲಿ ಹೇರಿಸಿಕೊಂಡು ಬಂದಿದ್ದಳು. ಅಲ್ಲಿನ ಆಚಾರಿ ಸರ್ಕಾರಿ ಬಂಗಲೆಗಳಿಗೆ ಹೊಸ ಮಾದರಿಯ ಮರಸಾಮಾನು ಮಾಡಿ ಕೈ ಪಳಗಿದವನು. ಶುದ್ಧ ತೇಗ. ಕೆತ್ತನೆಯಿಲ್ಲ, ಬಣ್ಣವಿಲ್ಲ, ಹೂಬಳ್ಳಿಯಿಲ್ಲ. ಕಾಲುಗಳು ಕೆಳಗಿಳಿಯುತ್ತ ಸಣ್ಣಗಾಗಿ ಹೊರಕ್ಕೆ ಚಾಚಿದ್ದವು. ಬೆನ್ನಿಗೂ ಕೂರುವ ಜಾಗಕ್ಕೂ ಬೆತ್ತದ ಹೆಣಿಗೆ. ಬೀದಿಯ ಜನ ಗಾಡಿಯ ಸುತ್ತ ನೆರೆದಿದ್ದಾಗ ಹೊಸ ಮದುವಣಿಗ ಚಿಕ್ಕಮಲ್ಲಪ್ಪ ಸೊಂಟದ ಮೇಲೆ ಕೈಯಿಟ್ಟು, "ಇದೇನಮ್ಮಿ ಇದು, ಈಗ ಹುಟ್ಟಿದ ಕರ ಎದ್ದು ನಿಂತಂಗದೆ! ಕುರ್ಚಿ ಅಂದ್ರೆ ಸಿಂಹದ ಮುಖ ಇರ್ಬೇಕು, ಕೆಂಪು ಮಕಮಲ್ಲು ಇರ್ಬೇಕು" ಎಂದ. ಬೀದಿಯೆಲ್ಲ ನಕ್ಕಿತು. ಏನೋ ಹೇಳಲು ಬಾಯಿ ತೆರೆದಿದ್ದ ಗುರುಸಿದ್ದಮ್ಮ ಆ ಮಾತನ್ನು ನುಂಗಿಕೊಂಡು, "ನಾನ್ ಕೂತ್ಕಳಕೆ ಮಾಡಿಸ್ಕಂಡೆ" ಎಂದು ಒಳಗೆ ಹೋದಳು.

ಅಂದಿನಿಂದ ಅದು ಅವಳ ಕುರ್ಚಿ. ಅವಳು ಗಿಡ್ಡ. ಕಾಲು ನೆಲಕ್ಕೆ ಎಟುಕದೆ ಕೆಳಗೊಂದು ಮಣೆ ಹಾಕಿಕೊಳ್ಳುತ್ತಿದ್ದಳು. ಲೋಟ ಇಡಲೆಂದು ಆಚಾರಿ ಎಡಗಡೆಯ ತೋಳಿನ ಮೇಲೆ ದುಂಡನೆಯ ಗುಳಿಯೊಂದನ್ನು ತೋಡಿದ್ದ. ಬಲಗೈಯಲ್ಲಿ ಕಾಫಿ ಕುಡಿಯುವ ಗುರುಸಿದ್ದಮ್ಮ ಪ್ರತಿ ಸಲವೂ ಮಡಿಲ ಮೇಲಿಂದ ಕೈ ಹಾಯಿಸಿ ಲೋಟ ಇಡಬೇಕು. "ನಿಮ್ಮೂರ್ ಆಚಾರಿಗೆ ಎಡ ಯಾವ್ದು ಬಲ ಯಾವ್ದು ಗೊತ್ತಿರ್ನಿಲ್ವಾ?" ಎಂದು ಚಿಕ್ಕಮಲ್ಲಪ್ಪ ತನ್ನ ಲೋಟವನ್ನು ಎಡಗೈಯಲ್ಲಿ ಹಿಡಿದುಕೊಂಡು ಜಗಲಿಯಿಂದಲೇ ಹಾಸ್ಯ ಮಾಡುತ್ತಿದ್ದ. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಕೊನೆಯ ದಿನಗಳಲ್ಲಿ, ದನಿ ಸಣ್ಣಗಾದ ಮೇಲೆ ಮಾತ್ರ, "ಒಂದ್ಸಲನಾದ್ರೂ ಅದ್ರಲ್ಲಿ ಕೂತ್ಕಂಡು ನೋಡಿ" ಎಂದಿದ್ದಳು. "ನೀ ಮೊದ್ಲು ಎದ್ದೇಳು, ಆಮೇಲ್ ನೋಡನ ಬುಡು" ಎಂದಿದ್ದ. ಅವಳು ಏಳಲಿಲ್ಲ.

ಆ ಮಾತು ನಡೆಸಿಕೊಡಲೆಂದೇ ಅವನು ಈಗ ಬಗ್ಗಿದ್ದು.

"ಅಯ್ಯೋ ಶಿವನೇ! ಸತ್ತೋರ್ ಕುರ್ಚಿ ಮ್ಯಾಲೆ ಕೂತ್ಕತಾ ಇದ್ದಿಯಾ ಮಲ್ಲಣ್ಣಾ?"

ಪಕ್ಕದ ಮನೆಯ ಮಲ್ಲಿಗಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದಳು. ಮಲ್ಲಿಗಮ್ಮನ ಕಿವಿಗೆ ಬಿದ್ದದ್ದು ಹಾಲಿನ ಡೈರಿಗೆ ಹಾಲು ಮುಟ್ಟುವ ಮೊದಲೇ ಊರಿಗೆ ಮುಟ್ಟುತ್ತಿತ್ತು. ಚಿಕ್ಕಮಲ್ಲಪ್ಪ ಸ್ಪ್ರಿಂಗಿನಂತೆ ನೆಟ್ಟಗಾದ.

"ಕೂತ್ಕತಾ ಇರ್ನಿಲ್ಲ ಕಣವ್ವಾ, ಒರೆಸ್ತಾ ಇದ್ದೆ."

"ಬೆನ್ ತಿರುಗ್ಸ್ಕಂಡು ಒರೆಸ್ತಾರಾ?"

"ನಿನ್ ಮೊಮ್ಮಗಳು ಅದ್ಯಾವುದೋ ಪ್ರದರ್ಶನಕ್ಕೆ ಕೇಳಿದ್ಲಲ್ಲ... ಕೊಟ್ ಕಳ್ಸನ ಅಂತ."

ಒರೆಸಿದ್ದರಿಂದ ಹಿಡಿದು ಕೊಟ್ಟು ಕಳಿಸುವವರೆಗೆ ಎಲ್ಲ ಸೇರಿ, ಇದೇ ಆ ಒಂದು ಸುಳ್ಳು. ಮಲ್ಲಿಗಮ್ಮನ ಮೊಮ್ಮಗಳು ದಾನೇಶ್ವರಿ ಮೈಸೂರಿನಲ್ಲಿ ವಿನ್ಯಾಸದ ಓದು ಓದಿ, ಹಳೆಯ ಮರಸಾಮಾನು ಎಲ್ಲಿ ಕಂಡರೂ ಮಗುವನ್ನು ಕಂಡಂತೆ ಸವರುವ ಹುಡುಗಿ. ಆ ದಿನ ಚಾಮರಾಜನಗರದ ಹಳೆಯ ಛತ್ರವೊಂದರಲ್ಲಿ ಅವಳ ಪ್ರದರ್ಶನವಿತ್ತು. ಈ ಕುರ್ಚಿಯನ್ನು ಅವಳು ಎಷ್ಟು ಸಲ ಬೇಡಿದರೂ ಚಿಕ್ಕಮಲ್ಲಪ್ಪ ಬೈದು ಕಳಿಸಿದ್ದ. ಈಗ ಅವನು ಉಗುಳು ನುಂಗುವಷ್ಟರಲ್ಲಿ ಮಲ್ಲಿಗಮ್ಮ ಬೀದಿಗೆ ಹಾರಿ, "ದಾನೀ, ತಾತ ಕುರ್ಚಿ ಕೊಡ್ತಾನಂತೆ ಕಣಮ್ಮೀ!" ಎಂದು ಕೂಗಿದಳು. ಕಾಫಿ ಆರುವುದರೊಳಗೆ, ಅವಳು ಕರೆಸಿದ ಅದೇ ಬೀದಿಯ ಹುಡುಗ ಸೋಮೇಶನ ಲಗೇಜ್ ಆಟೋ ಬಾಗಿಲಲ್ಲಿ ನಿಂತಿತ್ತು; ದಾನಿ ಸ್ಕೂಟರಿನಲ್ಲಿ ಮುಂದೆ ಹೊರಟಿದ್ದಳು.

ಕುರ್ಚಿಗೆ ಗೀರು ಬೀಳಬಾರದೆಂದು ಚಿಕ್ಕಮಲ್ಲಪ್ಪ ಗುರುಸಿದ್ದಮ್ಮನ ಕಾವಿ ಬಣ್ಣದ ನೂಲಿನ ಸೀರೆಯನ್ನು ಅದಕ್ಕೆ ಸುತ್ತಿದ. ತಾನೂ ಹಿಂದೆ ಹತ್ತಿ ಅದನ್ನು ತಬ್ಬಿಕೊಂಡು ನಿಂತ. ಗುಂಡ್ಲುಪೇಟೆ ದಾಟಿತು, ತೆರಕಣಾಂಬಿ ದಾಟಿತು. ರಸ್ತೆ ಬರಿದಾಯಿತು. ಇಲ್ಲಿ ಯಾರು ನೋಡುತ್ತಾರೆ ಎಂದುಕೊಂಡು ಸೀರೆ ಬಿಚ್ಚಿ ಮತ್ತೆ ಬಗ್ಗಿದ.

ಸೋಮೇಶ ಕನ್ನಡಿಯಲ್ಲಿ ನೋಡಿಬಿಟ್ಟ. "ತಾತೋ! ಕೂತ್ಕಬ್ಯಾಡಿ! ಕಾಲ್ಗೀಲು ಮುರುದ್ರೆ ದಾನಿ ನನ್ ಚರ್ಮ ಸುಲ್ದ್ಬುಡ್ತಾಳೆ!" ಎಂದು ಕೂಗುತ್ತ ಬ್ರೇಕ್ ಹಾಕಿದ. ಚಿಕ್ಕಮಲ್ಲಪ್ಪ ಕೂತ, ಆದರೆ ಪಕ್ಕದಲ್ಲಿದ್ದ ಈರುಳ್ಳಿ ಮೂಟೆಯ ಮೇಲೆ. ಮೂಟೆ ಪಚಕ್ಕೆಂದಿತು. ಚಾಮರಾಜನಗರದವರೆಗೂ ಮುದುಕನ ಕಣ್ಣಲ್ಲಿ ನೀರು. ಅದು ಈರುಳ್ಳಿಗೋ ಇನ್ನೇತಕ್ಕೋ ಸೋಮೇಶನಿಗೆ ತಿಳಿಯಲಿಲ್ಲ.

ಛತ್ರದ ಮುಂದಿನ ಹಜಾರದಲ್ಲಿ ದಾನೇಶ್ವರಿ ಏನೇನೋ ಕೂಡಿಸಿಟ್ಟಿದ್ದಳು. ಓರೆ ಕಾಲಿನ ರೇಡಿಯೋ ಮೇಜು, ಜಾರುಬಾಗಿಲಿನ ಬೀರು, ಎಲೆಯಾಕಾರದ ಟೀಪಾಯಿ. ಎಲ್ಲವೂ ಈ ಸೀಮೆಯ ಮನೆಗಳ ಅಟ್ಟದಿಂದ ಇಳಿಸಿ ತಂದವು. ನಡುವೆ ಒಂದು ಹಲಗೆಯ ಜಗಲಿ ಮಾಡಿ, ಅದರ ಮೇಲೆ ಗುರುಸಿದ್ದಮ್ಮನ ಕುರ್ಚಿ ಇಟ್ಟು, ಸುತ್ತ ಹಗ್ಗ ಕಟ್ಟಿ, "ದಯವಿಟ್ಟು ಕೂರಬೇಡಿ" ಎಂಬ ಹಲಗೆ ತೂಗುಹಾಕಿದಳು. ಬಂದವರಿಗೆಲ್ಲ ವಿವರಿಸತೊಡಗಿದಳು.

"ಇದುಕ್ಕೆ ಮಿಡ್ ಸೆಂಚುರಿ ಮಾಡರ್ನ್ ಅಂತಾರೆ, ಹೋದ ಶತಮಾನದ ನಡುವೆ ಬಂದ ಹೊಸ ಮಾದರಿ. ನೋಡಿ, ಒಂದು ಹೂವಿಲ್ಲ, ಒಂದು ಬಳ್ಳಿಯಿಲ್ಲ. ಮರ ತಾನು ಮರ ಅಂತ ನಾಚ್ಕಂಡಿಲ್ಲ. ಕಾಲ್ ಎಷ್ಟು ಸಣ್ಣ ಅವೆ! ಆದ್ರೂ ಇಷ್ಟು ವರ್ಷ ಒಂಚೂರು ಅಲ್ಲಾಡಿಲ್ಲ. ಬೆನ್ ಓರೆ ನೋಡಿ, ಹೊಲದಿಂದ ಬಂದೋರು ಒರಗ್ಲಿ ಅಂತ ಮಾಡಿರೋದು. ಬೆತ್ತದಲ್ಲಿ ಗಾಳಿ ಆಡ್ತದೆ. ಗುಳಿ ಒಂದು ಎಡಕ್ಕೆ ಬಂದ್ಬುಟ್ಟದೆ, ಅದು ಆಚಾರಿ ಮಾಡಿದ್ ತಪ್ಪು. ಕೈಕೆಲಸದಲ್ಲಿ ಅದೂ ಚೆಂದವೇ."

ಚಿಕ್ಕಮಲ್ಲಪ್ಪ ಕಂಬಕ್ಕೆ ಒರಗಿ ಶಾಲೆಯ ಹುಡುಗನಂತೆ ಕೇಳಿದ. ಜನ ಆಹಾ ಎನ್ನುತ್ತಿದ್ದರು. ಒಬ್ಬಳು ಟೀಚರಮ್ಮ, "ಮಾಡಿಸಿದೋರ್ ಕಣ್ಣು ದೊಡ್ಡದು" ಎಂದಳು. ಗುರುಸಿದ್ದಮ್ಮ ಬದುಕಿದ್ದಾಗ ಈ ಒಂದು ಮಾತನ್ನು ಯಾರಾದರೂ ಅವಳಿಗೆ ಹೇಳಿದ್ದರೆ! ಯಾರಾದರೂ ಏಕೆ, ತಾನೇ ಹೇಳಬಹುದಿತ್ತು. ತಾನು ಹೇಳಿದ್ದು ಕರು.

ಮಧ್ಯಾಹ್ನ ಹಜಾರ ಖಾಲಿಯಾಯಿತು. ದಾನೇಶ್ವರಿ ಸೋಮೇಶನೊಂದಿಗೆ ಊಟಕ್ಕೆ ಹೋದಳು. ಚಿಕ್ಕಮಲ್ಲಪ್ಪ ಹಗ್ಗ ದಾಟಿದ, ಜಗಲಿ ಹತ್ತಿದ, ಕಣ್ಣು ಮುಚ್ಚಿ "ಸಿದ್ದೀ, ಇಗೋ ಕೂತೆ" ಎಂದು ಕೂತೇಬಿಟ್ಟ.

ಬೆನ್ನು ತಾನಾಗಿ ಹಿಂದಕ್ಕೆ ಹೋಗಿ ಬೆತ್ತದಲ್ಲಿ ನೆಲೆಯಾಯಿತು. ಕಾಲು ಹಲಗೆಯ ಮೇಲೆ ಸರಿಯಾಗಿ ಊರಿತು. ವರ್ಷದಿಂದ ಹಾಸಿಗೆಯಲ್ಲಿ ಸಿಗದಿದ್ದ ನಿದ್ದೆ ಎಲ್ಲಿತ್ತೋ, ಬಂದು ತಲೆ ಸವರಿತು. ಮೇಲಿನ ಫ್ಯಾನಿನ ಗಾಳಿ ತಣ್ಣಗಿತ್ತು. ಹೆಗಲಿಗೆ ಹಾಕಿಕೊಂಡಿದ್ದ ಕಾವಿ ಸೀರೆಯನ್ನು ಹೊದ್ದುಕೊಂಡು ನಿದ್ದೆಹೋದ.

ಆ ಛತ್ರದ ಹಿಂದಿನ ಹಜಾರದಲ್ಲಿ ಅದೇ ದಿನ ಯಾರದೋ ಮನೆಯಲ್ಲಿ ತೀರಿಕೊಂಡವರ ಹೆಸರಿನ ಶಿವಗಣಾರಾಧನೆ ಇತ್ತು. ಪಾದಪೂಜೆಗೆ ಒಂದು ಮಠದ ಸ್ವಾಮಿಗಳು ಬರಬೇಕಿತ್ತು. ಹೊಸದಾಗಿ ಪಟ್ಟಕ್ಕೆ ಬಂದವರು, ಮುಖ ಕಂಡವರಿಲ್ಲ. ಹೊತ್ತಾಯಿತಲ್ಲ ಎಂದು ಇಣುಕಲು ಬಂದ ಹೆಂಗಸೊಬ್ಬಳು ಕಂಡದ್ದೇನು? ಎತ್ತರದ ಜಗಲಿ, ವಿಭೂತಿ ಬಳಿದ ಆಸನ, ಸುತ್ತ ಹಗ್ಗದ ಕಟ್ಟು. ಆಸನದಲ್ಲಿ ಕಾವಿ ಹೊದ್ದು, ಹಣೆ ತುಂಬ ವಿಭೂತಿ ಧರಿಸಿ, ಕಣ್ಣು ಮುಚ್ಚಿದ ಬಿಳಿಗಡ್ಡದ ವೃದ್ಧರು. ಹೆಂಡತಿ ಹೋದಾಗಿನಿಂದ ಚಿಕ್ಕಮಲ್ಲಪ್ಪ ಗಡ್ಡ ತೆಗೆದಿರಲಿಲ್ಲ.

"ಬುದ್ಧಿಯೋರು ಬಂದ್ಬುಟ್ಟವ್ರೆ! ಧ್ಯಾನಕ್ಕೆ ಕೂತವ್ರೆ! ಗಲಾಟೆ ಮಾಡ್ಬ್ಯಾಡಿ!"

ಕಾಲ ಮೇಲೆ ಏನೋ ತಣ್ಣಗೆ ಸುರಿದಂತಾಗಿ ಚಿಕ್ಕಮಲ್ಲಪ್ಪ ಎಚ್ಚರಗೊಂಡ. ಒಬ್ಬ ದಪ್ಪ ಯಜಮಾನರು ಅವನ ಪಾದಕ್ಕೆ ಹಾಲು ಸುರಿದು ಉಜ್ಜುತ್ತಿದ್ದರು. ಹಿಂದೆ ಜನ ಸಾಲುಗಟ್ಟಿ ಅಡ್ಡಬಿದ್ದಿದ್ದರು. ಮಡಿಲ ತುಂಬ ಬಾಳೆಹಣ್ಣು.

"ಅಯ್ಯೋ, ನಾನಲ್ಲ ಕಣ್ರಪ್ಪಾ!"

"ನೋಡಿದ್ರಾ ವಿನಯ! ನಾನು ಅನ್ನೋದೇ ಇಲ್ಲ ಅಂತಾವ್ರೆ" ಎಂದರು ಯಜಮಾನರು, ಇನ್ನೂ ಜೋರಾಗಿ ಉಜ್ಜುತ್ತ.

ಯಾರೋ ಬಾಯಿಗೆ ಹಾಲಿನ ಲೋಟ ಹಿಡಿದರು. ಗಂಟಲು ಒಣಗಿತ್ತು, ತೆಗೆದುಕೊಂಡು ಕುಡಿದ. ಕುಡಿದು, ನೋಡದೆಯೇ, ಎಂದಿನಂತೆ ಎಡಗೈಯಿಂದ ಲೋಟವನ್ನು ಕೆಳಗಿಟ್ಟ.

ಲೋಟ ಟಕ್ಕೆಂದು ಗುಳಿಯಲ್ಲಿ ಕೂತಿತು. ಕೈ ಹುಡುಕಲಿಲ್ಲ, ಕಣ್ಣು ಹುಡುಕಲಿಲ್ಲ.

ಚಿಕ್ಕಮಲ್ಲಪ್ಪ ಆ ಲೋಟವನ್ನೇ ನೋಡಿದ. ತಾನು ಎಡಚ. ಅನ್ನವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಎಡಗೈಯಲ್ಲೇ. ತನ್ನ ಕಾಲು ನೆಲ ಮುಟ್ಟುತ್ತದೆ, ಅವಳದು ಎಂದೂ ಮುಟ್ಟಲಿಲ್ಲ. ಆಚಾರಿ ಏನೂ ತಪ್ಪು ಮಾಡಿರಲಿಲ್ಲ. ಆ ಆಷಾಢದಲ್ಲಿ ಹದಿನೆಂಟರ ಹುಡುಗಿ ಗಂಡನ ಎತ್ತರವನ್ನು ತನ್ನ ಕೈಯಿಂದ ಆಚಾರಿಗೆ ತೋರಿಸಿ, ಅವರು ಎಡಗೈಯವರು ಎಂದು ನಾಚುತ್ತ ಹೇಳಿ, ಇದನ್ನು ಮಾಡಿಸಿದ್ದಳು. ಗಾಡಿ ಇಳಿದು ಅದನ್ನು ಹೇಳಲು ಬಾಯಿ ತೆರೆದಿದ್ದಳು. ಅವನ ಕಣ್ಣಿಂದ ನೀರು ಸುರಿಯಿತು.

"ಭಕ್ತರ ಕಷ್ಟಕ್ಕೆ ಅಳ್ತಾವ್ರೆ" ಎಂದು ಹೆಂಗಸರೂ ಅತ್ತರು.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ನಿಜವಾದ ಸ್ವಾಮಿಗಳು ಇಳಿದರು. ಇನ್ನೂ ಮೀಸೆ ಬಲಿಯದ ತರುಣರು. ಹಿಂದೆಯೇ ಒಂದು ಟೆಂಪೋದಲ್ಲಿ ಅವರು ಹೋದಲ್ಲೆಲ್ಲ ಹೋಗುವ ಸಿಂಹಾಸನ. ಯಜಮಾನರು ಕೈಯಲ್ಲಿದ್ದ ಪಾದವನ್ನು ಬಿಸಿ ಪಾತ್ರೆ ಬಿಟ್ಟಂತೆ ಬಿಟ್ಟರು.

"ಯಾವನಲಾ ನೀನು? ಗದ್ದುಗೆ ಮ್ಯಾಲೆ ಕೂತಿದ್ದೀಯ!"

ಚಿಕ್ಕಮಲ್ಲಪ್ಪ ಬಾಳೆಹಣ್ಣು ಉದುರಿಸುತ್ತ ಇಳಿದು ಸ್ವಾಮಿಗಳ ಕಾಲಿಗೆ ಬಿದ್ದ. "ತಪ್ಪಾಯ್ತು ಬುದ್ಧಿ. ಇದು ಗದ್ದುಗೆಯಲ್ಲ. ನನ್ ಹೆಂಡ್ತಿ ಕುರ್ಚಿ. ಒಂದ್ಸಲ ಕೂತ್ಕಂಡು ನೋಡು ಅಂದಿದ್ಲು."

ಸ್ವಾಮಿಗಳು ಒಳ್ಳೆಯವರು, ನಕ್ಕರು. "ಕೂತಿದ್ದರಲ್ಲಿ ತಪ್ಪೇನಿದೆ ಯಜಮಾನರೇ? ನಮ್ಮ ಸಿಂಹಾಸನದಲ್ಲಿ ಕೂತು ಕೂತು ನಮ್ಮ ಬೆನ್ನೇ ಹೋಗಿದೆ. ನಾವೂ ಒಮ್ಮೆ ನೋಡೋಣ" ಎಂದು ಕುರ್ಚಿಯಲ್ಲಿ ಕೂತರು. ಒರಗಿದರು. ಅವರ ಮುಖದಲ್ಲಿ ಹಸುಗೂಸಿನ ಸುಖ ಕಂಡಿತು. "ಆಹಾ! ಇಂಥ ಆಸನ ನಮ್ಮ ಮಠದಲ್ಲಿ ಇಲ್ಲವಲ್ಲ."

ಜನವೆಲ್ಲ ಮೆಲ್ಲಗೆ ಚಿಕ್ಕಮಲ್ಲಪ್ಪನ ಕಡೆ ತಿರುಗಿತು. ಆ ನೋಟ ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ ಮಲ್ಲಿಗಮ್ಮನ ನೋಟ ಅದು, ಆದರೆ ಈಗ ನೂರು ಮಲ್ಲಿಗಮ್ಮರು. ಬೇಡ, ಬೇಡ ಎಂದು ಎದೆ ಕೂಗುತ್ತಿತ್ತು. ಬಾಯಿ ಮಾತ್ರ, "ತಮ್ ಪಾದಕ್ಕೇ ಇರ್ಲಿ ಬುದ್ಧಿ" ಎಂದುಬಿಟ್ಟಿತು.

"ತಾತಾ!" ಎಂದು ಊಟದಿಂದ ಬಂದ ದಾನೇಶ್ವರಿ ಬಾಗಿಲಲ್ಲೇ ಚೀರಿದಳು.

"ಬೇಡ, ಅದು ನಿಮ್ಮ ಮನೆಯವರ ನೆನಪು" ಎಂದರು ಸ್ವಾಮಿಗಳು.

ಅಷ್ಟಕ್ಕೇ ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ಜನ "ಭಕ್ತಿ ಅಂದ್ರೆ ಇದು" ಎನ್ನತೊಡಗಿದ್ದರು. ಯಜಮಾನರು ಬೆನ್ನು ತಟ್ಟಿದ್ದರು. "ಇಲ್ಲ ಬುದ್ಧಿ, ತಗಂಡೇ ಓಗ್ಬೇಕು" ಎಂದು ಚಿಕ್ಕಮಲ್ಲಪ್ಪ ಹಟ ಹಿಡಿದ. ಗುರು ಕೂತ ಆಸನದಲ್ಲಿ ಇನ್ನು ಸಂಸಾರಿ ಕೂರುವಂತೆಯೂ ಇರಲಿಲ್ಲ. ಸ್ವಾಮಿಗಳು ಮನಸ್ಸು ಕರಗಿ, ಬರಿಗೈಯಲ್ಲಿ ಕಳಿಸಬಾರದೆಂದು, ಟೆಂಪೋದಲ್ಲಿದ್ದುದನ್ನು ಅವನಿಗೆ ಪ್ರಸಾದವಾಗಿ ಕೊಡಿಸಿದರು.

ಸಂಜೆ ಸೋಮೇಶನ ಆಟೋ ಹಂಗಳಕ್ಕೆ ಬಂದಾಗ ಬೀದಿಯೆಲ್ಲ ಹೊರಗೆ ಬಂತು. ಚಿನ್ನದ ಬಣ್ಣದ ಸಿಂಹಾಸನ. ಎರಡು ತೋಳಿಗೂ ಬಾಯಿ ತೆರೆದ ಸಿಂಹದ ಮುಖ. ಕೆಂಪು ಮಕಮಲ್ಲು. ಬಾಗಿಲಲ್ಲಿ ತೂರದೆ ಅದು ಜಗಲಿಯಲ್ಲೇ ನಿಂತಿತು.

ಮಲ್ಲಿಗಮ್ಮ ಮಕಮಲ್ಲನ್ನು ಸವರಿ ನೋಡಿದಳು. "ಅಂತೂ ನೀ ಆವತ್ತು ಕೇಳಿದ್ ಕುರ್ಚಿನೇ ಬಂತಲ್ಲ ಬುಡು ಮಲ್ಲಣ್ಣ. ಗುರ್ಸಿದ್ದಮ್ಮ ಇದ್ದಿದ್ರೆ ನೋಡಿ ಸಂತೋಷ ಪಟ್ಟಿರೋಳು."

ಚಿಕ್ಕಮಲ್ಲಪ್ಪ ಒಳಗೆ ಹೋದ. ಗೂಡಿನಲ್ಲಿದ್ದ ಪಟವನ್ನು ತಂದು ಸಿಂಹಾಸನದ ಮೇಲಿಟ್ಟ. ಅದು ಮಕಮಲ್ಲಿನಲ್ಲಿ ಜಾರಿ ಮಲಗಿಕೊಂಡಿತು. ಗುರುಸಿದ್ದಮ್ಮ ಕಾಲಿಡುತ್ತಿದ್ದ ಮಣೆಯನ್ನು ಹಾಕಿಕೊಂಡು ಅವನು ಅದರ ಪಕ್ಕದಲ್ಲಿ ಕೂತ. ಸೊಸೆ ಕಾಫಿ ತಂದುಕೊಟ್ಟಳು. ಒಂದು ಗುಟುಕು ಕುಡಿದು, ನೋಡದೆಯೇ, ಎಡಗೈಯಿಂದ ಲೋಟವನ್ನು ಪಕ್ಕಕ್ಕಿಟ್ಟ.

ಅಲ್ಲಿ ಏನೂ ಇರಲಿಲ್ಲ. ಲೋಟ ಜಗಲಿಯಿಂದುರುಳಿ ಸದ್ದು ಮಾಡುತ್ತ ಬೀದಿಗೆ ಬಿತ್ತು. ಬೀದಿಯೆಲ್ಲ ನಕ್ಕಿತು. ಸಿಂಹಗಳು ಆಗಲೇ ಬಾಯಿ ತೆರೆದುಕೊಂಡಿದ್ದವು.