ಮುಂದಿನ ಪುಸ್ತಕ ಆರಿಸಿದ ಪ್ರಸಂಗ

ನಾನು ಪುಸ್ತಕ ಓದುವುದಿಲ್ಲ, ಬರೀ ಆರಿಸುತ್ತೇನೆ ಎಂಬುದು ನನ್ನ ಹೆಂಡತಿ ಕಿಯೊನೊಳ ಬಹುಕಾಲದ ದೂರು. ಇದು ಅನ್ಯಾಯ. ಆರಿಸುವುದೂ ಓದಿನ ಒಂದು ಅಂಗ. ನನ್ನ ವಿಷಯದಲ್ಲಿ ಅದು ಕೊಂಚ ಊದಿಕೊಂಡ ಅಂಗ, ಅಷ್ಟೇ.

ಮತ್ಸುಮೊಟೊದ ನಮ್ಮ ಪುಟ್ಟ ಮನೆಯ ಪ್ಯಾಸೇಜಿನಲ್ಲಿ ಎರಡೂ ಬದಿಗೆ ಪುಸ್ತಕಗಳು ಎದೆಯೆತ್ತರಕ್ಕೆ ನಿಂತಿದ್ದವು. ಓದದೆ ಪೇರಿಸಿಟ್ಟ ಪುಸ್ತಕಗಳಿಗೆ ನಮ್ಮ ಜಪಾನಿ ಭಾಷೆಯಲ್ಲಿ ಪ್ರತ್ಯೇಕ ಪದವೇ ಇದೆ. ಪದವಿದೆ ಎಂದಮೇಲೆ ನನ್ನಂಥವರು ಬೇಕಾದಷ್ಟು ಜನ ಇದ್ದಾರೆ ಎಂದಾಯಿತಲ್ಲ ಎಂದು ನಾನು ವಾದಿಸಿದ್ದುಂಟು.

“ಕಳ್ಳತನಕ್ಕೂ ಪದ ಇದೆ” ಎಂದಿದ್ದಳು ಕಿಯೊನೊ.

ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ನಾನು ಈ ಆಯ್ಕೆಯನ್ನು ಶಾಸ್ತ್ರೋಕ್ತವಾಗಿಯೇ ಮಾಡುತ್ತ ಬಂದಿದ್ದೆ. ಎಲೆ ಕೆಂಪಾಗುವ ಕಾಲಕ್ಕೆ ಹಿಮದ ಕಥೆ ಸಲ್ಲದು. ಒಂದು ಪ್ರವಾಸಕಥನದ ಬೆನ್ನಿಗೇ ಇನ್ನೊಂದನ್ನು ಓದಿದರೆ ಕಾಲು ನೋಯುತ್ತದೆ. ದಪ್ಪ ಪುಸ್ತಕ ಮಲಗಿ ಓದಲಾಗದು (ಒಮ್ಮೆ ತೂಕಡಿಸುವಾಗ ಮೂಗಿನ ಮೇಲೇ ಬಿದ್ದಿತ್ತು). ತೆಳ್ಳಗಿನದು ಬೇಗ ಮುಗಿದು, ಮತ್ತೆ ಆರಿಸುವ ಪಾಡು ಬರುತ್ತದೆ.

ಆ ಭಾನುವಾರ ಕಿಯೊನೊ ತಂಗಿಯ ಮನೆಗೆ ಊಟಕ್ಕೆ ಹೊರಟಿದ್ದಳು.

“ರೀ, ಹೋದ ವಾರದಿಂದ ಅದೇ ಪುಸ್ತಕ ಹಿಡ್ಕೊಂಡಿದೀರಲ್ಲ, ಚೆನ್ನಾಗಿದೆಯಾ?”

“ಇನ್ನೂ ಓದಿಲ್ಲ. ಓದ್ಲೋ ಬೇಡ್ವೋ ಅಂತ ಯೋಚನೆ ಮಾಡ್ತಿದೀನಿ.”

“ನನ್ನನ್ನ ನೋಡೋಕೆ ಬಂದಾಗ್ಲೂ ಹಿಂಗೇ ಯೋಚನೆ ಮಾಡಿದ್ರಾ?”

“ಆಗ ಆರಿಸಿದ್ದು ನಮ್ಮಮ್ಮ.”

“ಅದಕ್ಕೇ ಬೇಗ ಮುಗೀತು. ನೋಡಿ, ನಾನು ಬರೋಷ್ಟ್ರಲ್ಲಿ ಒಂದನ್ನ ಓದೋಕೆ ಶುರು ಮಾಡಿರ್ಬೇಕು. ಇಲ್ದಿದ್ರೆ ನಾನೇ ಆರಿಸಿಕೊಡ್ತೀನಿ.”

ಅವಳ ಆಯ್ಕೆ ನನಗೆ ಗೊತ್ತಿತ್ತು. ಅಂಗಡಿಯಲ್ಲಿ ಎದುರಿಗೆ ಕಂಡ ಕೊಲೆಯ ಕಾದಂಬರಿಯನ್ನು ತಂದು, ಶೌಚಾಲಯದ ಗೂಡಿನಲ್ಲಿಟ್ಟುಕೊಂಡು, ದಿನಕ್ಕಿಷ್ಟಿಷ್ಟು ಓದುವವಳು ಅವಳು.

ಅವಳು ಹೋದಮೇಲೆ ವಿಧಿಗೇ ಬಿಡೋಣವೆಂದು ಕಣ್ಣು ಮುಚ್ಚಿ, ಒಂದು ಅಟ್ಟಿಯ ನಟ್ಟನಡುವಿನಿಂದ ಪುಸ್ತಕವೊಂದನ್ನು ಎಳೆದೆ. ಅಟ್ಟಿ ಸ್ವಲ್ಪ ವಾಲಿತು, ಬೀಳಲಿಲ್ಲ. ಕೈತೊಳೆದು ಬಂದು ಓದುವುದೇ ಶ್ರೇಷ್ಠವೆಂದು ಪುಸ್ತಕವನ್ನು ಆ ಅಟ್ಟಿಯ ಮೇಲೆಯೇ ಇಟ್ಟು, ಪ್ಯಾಸೇಜಿನ ತುದಿಯ ಶೌಚಾಲಯಕ್ಕೆ ಹೋಗಿ ಬಾಗಿಲನ್ನು ತುಸು ಗತ್ತಿನಿಂದಲೇ ಎಳೆದುಕೊಂಡೆ. ಹೊರಗೆ ಬೆಟ್ಟ ಜರಿದಂತೆ ಸದ್ದಾಯಿತು. ಬಾಗಿಲು ಹೊರಕ್ಕೆ ತೆರೆಯುವಂಥದು. ತಳ್ಳಿದರೆ ಒಂದು ಬೆರಳಿನಷ್ಟು ಸರಿದು ನಿಂತಿತು. ಫೋನು ಹೊರಗೆ ಮೇಜಿನ ಮೇಲಿತ್ತು.

ಕೂಗಿ ಗಂಟಲು ಒಣಗಿತು. ಆಮೇಲೆ ಮಾಡಲು ಏನೂ ಇರಲಿಲ್ಲ. ಗೂಡಿನಲ್ಲಿದ್ದದ್ದು ಒಂದೇ ಪುಸ್ತಕ. ಅದರಲ್ಲಿ ಬಿಸಿನೀರ ಬುಗ್ಗೆಯ ಪಕ್ಕದ ವಸತಿಗೃಹದಲ್ಲಿ ಯಾರೋ ಸತ್ತಿದ್ದರು. ಇಂಥ ಕಸವನ್ನು ಜನ ಹೇಗಾದರೂ ಓದುತ್ತಾರೋ ಎಂದುಕೊಂಡು ಪುಟ ತಿರುವಿದೆ. ಮತ್ತೆ ತಿರುವಿದೆ.

“ಏನ್ರೀ ಇದು? ಎಲ್ಲಿದೀರಿ?” ಎಂಬ ಧ್ವನಿ ಕೇಳಿದಾಗ ನನಗೆ ಸ್ವಲ್ಪ ಬೇಸರವೇ ಆಯಿತು.

“ಒಳಗಿದೀನಿ. ಬಾಗಿಲಿಗೆ ಪುಸ್ತಕ ಅಡ್ಡ ಬಿದ್ದಿದೆ.”

“ಪೆಟ್ಟಾಗಿದೆಯಾ?”

“ಇಲ್ಲ. ಯಜಮಾನಿ ಈಗ ತಾನೆ ಸುಳ್ಳು ಹೇಳಿದ್ಲು.”

“ಯಾವ ಯಜಮಾನಿ?”

“ವಸತಿಗೃಹದವಳು.”

“ಓ, ಅದಾ. ಅಡುಗೆಯವನ ಮೇಲೆ ಒಂದು ಕಣ್ಣಿಡಿ.”

“ಹೇಳ್ಬೇಡ, ಹೇಳ್ಬೇಡ.”

“ಆಯ್ತು. ಇಷ್ಟನ್ನ ನಾನೊಬ್ಳೇ ಎತ್ತೋಕಾಗಲ್ಲ. ಹಳೇ ಪುಸ್ತಕದಂಗಡಿ ಹಿರಾಬಾಯಾಶಿಯವ್ರನ್ನ ಕರೀಲಾ?”

ಪುಸ್ತಕದಲ್ಲಿ ಪತ್ತೇದಾರ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸುತ್ತಿದ್ದ. “ಯಾರನ್ನಾದ್ರೂ ಕರಿ” ಎಂದೆ.

“ಅವ್ರು ಬಂದ್ರೆ ಎತ್ತಿಟ್ಟು ಹೋಗಲ್ಲ, ತಗೊಂಡೇ ಹೋಗ್ತಾರೆ. ಆಗ್ಬಹುದಾ?”

“ಹೂಂ.”

“ಎಲ್ಲಾನೂ?”

“ಹೂಂ ಅಂದ್ನಲ್ಲ. ಈಗ ಮಾತಾಡಿಸ್ಬೇಡ.”

ಆಮೇಲೆ ಹೊರಗೆ ಏನೇನೋ ಸದ್ದಾಯಿತು. ಯಾರೋ ಬಾಗಿಲು ಬಡಿದು “ಈಗ ಬರಬಹುದು, ಸ್ವಾಮಿ” ಎಂದರು. ಇನ್ನು ಕೆಲವೇ ಪುಟ ಎಂದು ನಾನು ಏಳಲಿಲ್ಲ.

ಕೊನೆಗೆ ಹೊರಬಂದಾಗ ನಮ್ಮ ಪ್ಯಾಸೇಜಿನ ಗೋಡೆ ತಿಳಿಹಸಿರು ಬಣ್ಣದ್ದೆಂದು ತಿಳಿಯಿತು. ಕಿಯೊನೊ ಚಿಕ್ಕ ಹುಡುಗಿಯ ಹಾಗೆ ಎರಡೂ ಕೈ ಚಾಚಿಕೊಂಡು ಅದರಲ್ಲಿ ನಡೆದು ನೋಡುತ್ತಿದ್ದಳು.

“ನನ್ನ ಪುಸ್ತಕ?”

“ಕೇಳಿಕೇಳಿಯೇ ಕೊಟ್ಟಿದ್ದು. ನೀವೇ ಹೂಂ ಅಂದ್ರಿ.”

ನಾನು ದುಃಖಪಡಲು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಆದರೆ ಕಾದಂಬರಿ ಅಡುಗೆಯವನು ಕಾಣೆಯಾಗುವಲ್ಲಿಗೆ ನಿಂತುಬಿಟ್ಟಿತ್ತು, ಮನಸ್ಸೆಲ್ಲ ಅವನ ಹಿಂದೆಯೇ ಹೋಗಿತ್ತು.

“ಇದರ ಎರಡನೇ ಭಾಗ ಇದೆಯಾ?” ಎಂದು ಆದಷ್ಟು ಉದಾಸೀನವಾಗಿ ಕೇಳಿದೆ.

“ಇದೆ. ಹಿರಾಬಾಯಾಶಿಯವ್ರ ಹತ್ರ ಇವತ್ತೇ ಇಸ್ಕೊಂಡೆ.”

“ಕೊಡು ಮತ್ತೆ.”

ಕಿಯೊನೊ ಒಂದು ಕಿತ್ತಳೆ ಸುಲಿದುಕೊಂಡು, ಅಡಿಯಲ್ಲಿ ಒಲೆಯಿರುವ ಗಿಡ್ಡ ಮೇಜಿಗೆ ಹೊದಿಸಿದ ಬೆಚ್ಚನೆಯ ರಜಾಯಿಯೊಳಗೆ ಕಾಲು ಚಾಚಿ, ಪುಸ್ತಕ ತೆರೆದಳು.

“ನಾನೀಗ ಶುರು ಮಾಡಿದೀನಿ. ಮುಗಿಯೋವರೆಗೂ ನೀವು ಬೇರೆ ಯಾವುದನ್ನಾದ್ರೂ ಆರಿಸ್ಕೊಳ್ಳಿ.”