ಪಡಸಾಲೆಗೆ ಪಿಯಾನೋ, ಒಳಮನೆಗೆ ಪಿಟೀಲು

ಗಂಡಂದಿರು ತಪ್ಪು ಉಡುಗೊರೆ ತರುತ್ತಾರೆಂದು ದೂರುವ ಹೆಂಗಸರನ್ನು ಕಂಡರೆ ನನಗೆ ಸ್ವಲ್ಪ ಅಸೂಯೆಯೇ. ತಪ್ಪು ಉಡುಗೊರೆಯಾದರೆ ಥ್ಯಾಂಕ್ಸ್ ಹೇಳಿ ಟ್ರಂಕಿಗೆ ಹಾಕಿ ಮರೆತುಬಿಡಬಹುದು. ನಮ್ಮ ಯಜಮಾನರು ಹಾಗಲ್ಲ. ಕೇಳಿದ್ದನ್ನೇ ತರುತ್ತಿದ್ದರು, ಕೇಳಿದ್ದಕ್ಕಿಂತ ಎರಡರಷ್ಟು ತರುತ್ತಿದ್ದರು. ತಂದದ್ದನ್ನು ಇಡುವ ಜಾಗದಲ್ಲಿ ಮಾತ್ರ ಎಡವುತ್ತಿದ್ದರು. ಅಂಥ ಒಳ್ಳೆಯ ಮನುಷ್ಯರ ಮೇಲೆ ಸಿಟ್ಟಾಗುವುದು ಎಷ್ಟು ಡಿಫಿಕಲ್ಟ್ ಎಂಬುದು ಅಂಥವರನ್ನು ಮದುವೆಯಾದವರಿಗೇ ಗೊತ್ತು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಆದವಾನಿಯಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಪಡಸಾಲೆಯ ತುಂಬ ಗಾದಿ, ದಲ್ಲಾಳಿಗಳು, ಬಿಚ್ಚಿಟ್ಟ ಹತ್ತಿಯ ಸ್ಯಾಂಪಲ್ಲುಗಳು. ಇವುಗಳ ನಡುವೆ ಯಜಮಾನರ ಪ್ರಾಣವಾದ ರೆಕಾರ್ಡ್ ಪ್ಲೇಯರ್, ಅದಕ್ಕೊಂದು ವಾಲ್ವಿನ ಆಂಪ್ಲಿಫೈಯರ್, ಬೀರುವಿನಷ್ಟು ಎತ್ತರದ ಸ್ಪೀಕರ್. ನಾನು ಬಳ್ಳಾರಿಯಲ್ಲಿ ಕಾನ್ವೆಂಟ್ ಓದಿದವಳು. ಅಲ್ಲಿ ಮ್ಯೂಸಿಕ್ ಸಿಸ್ಟರ್ ವಯೊಲಿನ್ ಹಿಡಿದರೆ ಪಿಯಾನೋದಲ್ಲಿ ಸಾಥ್ ಕೊಡುವವಳು ನಾನೇ. ಮದುವೆಯಾದ ಮೇಲೆ ಆ ಹತ್ತೂ ಬೆರಳುಗಳಿಗೆ ಜೋಳದ ರೊಟ್ಟಿಗೆ ಟ್ರಾನ್ಸ್‌ಫರ್ ಆಯಿತು. ಒಮ್ಮೆ ಬೊಂಬಾಯಿಗೆ ಹೊರಟ ಯಜಮಾನರು "ನಿನಗೇನು ತರ್ಲಿ?" ಅಂದರು. "ಏನೂ ಬ್ಯಾಡ್ರಿ. ವಯೊಲಿನ್ ಜೊತಿಗೆ ಪಿಯಾನೋ ಇರೋ ರೆಕಾರ್ಡ್ ಒಂದು ಸಿಕ್ರ ನೋಡ್ರಿ" ಅಂದೆ.

ರೆಕಾರ್ಡ್ ಬಂತು. ನಾನು ಸಿಸ್ಟರ್ ಜೊತೆ ನುಡಿಸುತ್ತಿದ್ದ ತುಣುಕೇ ಅದರಲ್ಲಿತ್ತು! ಆದರೆ ಅದು ಸ್ಟೀರಿಯೋ ಎಂಬ ಹೊಸ ಜಾತಿಯದಂತೆ, ಒಂದು ಆಂಪ್ಲಿಫೈಯರ್ ಸಾಲದಂತೆ. ಹಾಗಾಗಿ ಇನ್ನೊಂದು ಆಂಪ್ಲಿಫೈಯರ್, ಇನ್ನೊಂದು ಸ್ಪೀಕರ್, ಪ್ಲೇಯರಿಗೆ ಹೊಸ ಮುಳ್ಳು, ಎಲ್ಲವೂ ಸ್ಟೇಷನ್ನಿನಿಂದ ಜಟಕಾ ಏರಿ ಬಂದವು. ಜೋಡಿಸಲು ಬಂದವನು ಮಹಬೂಬ್ ಸಾಬ್, ಊರಿನ ಮದುವೆಗಳಿಗೆಲ್ಲ ಮೈಕ್ ಸೆಟ್ ಹಾಕುವವನು. ಅವನ ಕಸುಬಿನಲ್ಲಿ ಎರಡು ಹಾರ್ನ್ ಇದ್ದರೆ ಒಂದು ಗಂಡಸರ ಕಡೆಗೆ, ಇನ್ನೊಂದು ಹೆಂಗಸರ ಕಡೆಗೆ. ಇದರಲ್ಲಿ ಯೋಚಿಸುವುದೇನು ಬಂತು?

"ಒಂದು ಪಡಸಾಲಿಗೆ, ಒಂದು ಜನಾನಾಕ್ಕ! ಅಮ್ಮಾರು ರೊಟ್ಟಿ ಬಡೀತಾ ಬಡೀತಾ ಕೇಳ್ಲಿ ಸಾವ್ಕಾರ್ರ, ಫಸ್ಟ್ ಕ್ಲಾಸ್!" ಅಂದ.

ಯಜಮಾನರ ಮುಖ ಅರಳಿತು. ಹೆಂಡತಿಗೆ ಬರೀ ರೆಕಾರ್ಡಲ್ಲ, ಅವಳದೇ ಆದ ಆಂಪ್ಲಿಫೈಯರ್! ಅಡುಗೆಮನೆಯ ಪಕ್ಕದ ಗೂಡಿನಿಂದ ಉಪ್ಪಿನಕಾಯಿ ಜಾಡಿಗಳನ್ನು ಇಳಿಸಿ ಅದನ್ನು ಕೂರಿಸಿ, ಪಕ್ಕಕ್ಕೆ ಹೊಸ ಸ್ಪೀಕರ್ ನಿಲ್ಲಿಸಿದರು. ಅತ್ತೆ ವಿಭೂತಿ ಹಚ್ಚಿದರು. ಮುಳ್ಳು ಇಟ್ಟಾಗ ನನ್ನ ಕಡೆಗೆ ವಯೊಲಿನ್ ಬಂತು, ಪಿಯಾನೋ ಪಡಸಾಲೆಗೆ ಹೋಯಿತು. ಸ್ಟೀರಿಯೋದ ಕರಾಮತ್ತೇ ಅದು: ವಾದ್ಯಗಳನ್ನು ಎರಡು ಸ್ಪೀಕರ್ ಪೆಟ್ಟಿಗೆಗಳಿಗೆ ಹಂಚುವುದು, ನಡುವೆ ಕೂತವರ ಕಿವಿಯಲ್ಲಿ ಮತ್ತೆ ಕೂಡಿಸುವುದು. ನಮ್ಮ ಮನೆಯಲ್ಲಿ ನಡುವೆ ಇದ್ದದ್ದು ಒಂದು ಗೋಡೆ, ಒಂದು ಹೊಸ್ತಿಲು ಮತ್ತು ಅತ್ತೆ.

"ಕೇಳಸ್ತೈತೇನು?" ಎಂದು ಹೊರಗಿನಿಂದ ಯಜಮಾನರು ಕೂಗಿದರು. "ಕೇಳಸ್ತೈತ್ರಿ" ಅಂದೆ. ಇನ್ನೇನು ಹೇಳಲಿ? ಆದವಾನಿ ಕೂತಲ್ಲಿಂದ ಏಳದೆ ಮದರಾಸು ಬಿಟ್ಟು ಆಂಧ್ರಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಒಂದು ಊರೇ ರಾಜ್ಯ ಬದಲಿಸಬಹುದಿತ್ತು. ಆದರೆ ಸಾವ್ಕಾರರ ಮನೆಯ ಸೊಸೆ ದಲ್ಲಾಳಿಗಳಿದ್ದಾಗ ಒಳಮನೆಯಿಂದ ಪಡಸಾಲೆಗೆ ಬರುವಂತಿರಲಿಲ್ಲ. ಹೊರಗೆ ನನ್ನ ಪಿಯಾನೋ ಕೇಳಿಸಿಕೊಂಡ ದಲ್ಲಾಳಿಯೊಬ್ಬ "ಏಮಿ ಸಾವುಕಾರ್, ಟೈಪು ಮಿಷನ್ ಕೊಂಟಿರಾ?" ಎಂದು ತೆಲುಗಿನಲ್ಲಿ ಅರಚಿದ್ದು ಮಾತ್ರ ಗೋಡೆ ದಾಟಿ ನನಗೆ ಕೇಳಿಸಿತು. ಟೈಪ್‌ರೈಟರ್! ತಟ್ಟುತ್ತಿದ್ದ ರೊಟ್ಟಿ ಹರಿದೇ ಹೋಯಿತು.

ಒಂದು ದಿನ ಧೈರ್ಯ ಮಾಡಿ ಹೊಸ್ತಿಲ ಮೇಲೆ ನಿಂತೆ. ಒಂದು ಕಿವಿ ಒಳಗೆ, ಒಂದು ಕಿವಿ ಹೊರಗೆ. ಅತ್ತೆ ಕಂಡರು.

"ಹೊಸ್ತಿಲ ಮ್ಯಾಲ ನಿಂತ್ರ ಲಕ್ಷ್ಮಿ ಎಲ್ಲಿಂದ ಬರ್ಬೇಕವ್ವ? ಒಂದಾ ಒಳಗ ಬಾ, ಇಲ್ಲ ಹೊರಗ ಹೋಗು."

ಹೊರಗೆ ಹೋಗು ಎಂಬುದು ಮಾತಿಗೆ ಮಾತ್ರ ಎಂದು ಇಬ್ಬರಿಗೂ ಗೊತ್ತಿತ್ತು. ಒಳಗೆ ಬಂದೆ. ಹೀಗೆ ನಾಲ್ಕು ತಿಂಗಳು ದಿನವೂ ವಯೊಲಿನ್ ಕೇಳುತ್ತ ರೊಟ್ಟಿ ಬಡಿದೆ. ವಯೊಲಿನ್ ಸುಮ್ಮನಾದ ಕಡೆಯೆಲ್ಲ ಪಿಯಾನೋದ ಸರದಿ. ಅದು ಹೊರಗೆ ಟೈಪ್ ಆಗುತ್ತಿರುವಾಗ, ನಾನು ಮನಸ್ಸಿನಲ್ಲೇ ಆ ಖಾಲಿ ಜಾಗ ತುಂಬಿಕೊಳ್ಳುತ್ತಿದ್ದೆ.

ಕೊನೆಗೆ ಒಮ್ಮೆ ಅತ್ತೆಯೇ ಕೇಳಿದರು: "ಅಲ್ಲ ವಿಮಲಾ, ಈ ಕುಂಯ್ ಕುಂಯ್ ನಡುವ ನಡುವ ಯಾಕ ನಿಂದರ್ತೈತಿ? ಕೆಟ್ಟೈತೇನು?" ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಉಳಿದರ್ಧ ಪಡಸಾಲೆಯಲ್ಲಿದೆ ಎಂದು ತಿಳಿದದ್ದೇ ತಡ, ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಗೆ ನಡೆದರು. "ಏ ಚನ್ನಾ! ಹೆಂಡ್ತಿಗಂತ ತಂದಿ, ಅಕಿಗೆ ಅರ್ಧ ಕೊಟ್ಟು ಆ ದಲ್ಲಾಳಿಗೋಳಿಗೆ ಅರ್ಧ ಹಂಚೀಯಲ್ಲೋ! ನಾಚ್ಕಿ ಬರಂಗಿಲ್ಲೇನು?" ಯಜಮಾನರು ಪಾಪ, ಬಿಳುಚಿಕೊಂಡರು. "ಯವ್ವಾ, ನನಗೇನು ಗೊತ್ತು? ಕೇಳಸ್ತೈತಿ ಅಂತ ಅಕಿನ ಅಂದ್ಲು."

ಅಮಾವಾಸ್ಯೆ ಬಂತು. ಅಂದು ಹತ್ತಿ ಪೇಟೆಗೆ ರಜ, ದಲ್ಲಾಳಿಗಳಿಲ್ಲ. ಮಧ್ಯಾಹ್ನ ಯಜಮಾನರು ಎರಡು ಆಂಪ್ಲಿಫೈಯರುಗಳನ್ನೂ ಎರಡು ಪೆಟ್ಟಿಗೆಗಳನ್ನೂ ಪಡಸಾಲೆಯ ಎರಡು ಮೂಲೆಗೆ ಇಟ್ಟು, ನಡುವೆ ತಮ್ಮ ಕುರ್ಚಿ ಹಾಕಿದರು. ವ್ಯಾಪಾರಕ್ಕೆ ಕೂರುವ ಆ ಕುರ್ಚಿಯಲ್ಲಿ ನಮ್ಮ ಮನೆಯ ಹೆಂಗಸರು ಯಾರೂ ಕೂತಿರಲಿಲ್ಲ. ನಾನು ಹಿಂದೆಮುಂದೆ ನೋಡುತ್ತಿದ್ದೆ. "ಕುಂದ್ರವ್ವ, ಏನಾಗಂಗಿಲ್ಲ" ಎಂದು ಅತ್ತೆ ಹೆಗಲು ಹಿಡಿದು ಕೂರಿಸಿದರು. ಇಬ್ಬರೂ ನನ್ನ ಮುಖವನ್ನೇ ನೋಡುತ್ತ ನಿಂತರು.

ವಯೊಲಿನ್ ಶುರುವಾಯಿತು. ಅದು ಸುಮ್ಮನಾಗುವ ಜಾಗ ಬಂತು. ನನ್ನ ಬೆರಳುಗಳು ಮಡಿಲಲ್ಲಿ ಎದ್ದವು. ಅಷ್ಟರಲ್ಲಿ ಇನ್ನೊಂದು ಮೂಲೆಯಿಂದ ಯಾರೋ ಬಂದು, ಎಲ್ಲೂ ತಡವರಿಸದೆ, ಪರ್ಫೆಕ್ಟ್ ಆಗಿ ನುಡಿಸಿಬಿಟ್ಟರು. ಮುಂದಿನ ಜಾಗದಲ್ಲೂ ಅಷ್ಟೇ. ನಾಲ್ಕು ತಿಂಗಳಿಂದ ಆ ರೆಕಾರ್ಡಿನಲ್ಲಿ ಪಿಯಾನೋ ನುಡಿಸುತ್ತಿದ್ದವಳು ನಾನು. ಒಂದು ಮಾತೂ ಹೇಳದೆ ನನ್ನನ್ನು ಸ್ಟೂಲಿನಿಂದ ಎಬ್ಬಿಸಿದಂತಾಯಿತು.

ರೆಕಾರ್ಡ್ ಮುಗಿಯಿತು. "ಹೆಂಗೈತಿ?" ಎಂದು ಯಜಮಾನರು ಕೇಳಿದರು.

"ಚೊಲೋ ಐತ್ರಿ," ಅಂದೆ. "ಆದ್ರ ಪಿಯಾನೋದವನು ಒಂಚೂರು ಶೋ ಮಾಡ್ತಾನ."