ಏರು ಬಂದರೆ ಇಳಿಯುವ ಮಂದಿ

ಹಳೆಯ ಗಾಡಿ ಸಾಕಿದವನ ಬಾಳಿನಲ್ಲಿ ನಗೆಗೆ ಬರ ಇರುವುದಿಲ್ಲ. ಅವನೇ ನಗಬೇಕೆಂದೇನಿಲ್ಲ, ಬಾಜೂಕಿನವರು ನಗುತ್ತಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಹತ್ತಿರ ಮಿಲಿಟರಿ ಹರಾಜಿನಲ್ಲಿ ಹಿಡಿದ ಒಂದು ಪಿಕಪ್ ಗಾಡಿ ಇತ್ತು. ಬೆಳಗಾವಿ ಪೇಟೆಯಿಂದ ಕಿರಾಣಿ ಸಾಮಾನು ಹೇರಿಕೊಂಡು ಖಾನಾಪುರದ ಕಡೆಯ ಹಳ್ಳಿಗಳಿಗೆ ಹಾಕುವುದು, ಬರುವಾಗ ಮಣ್ಣಿನ ಗಡಿಗೆಯೋ ಹಲಸಿನ ಹಣ್ಣೋ ಮಂದಿಯೋ ಸಿಕ್ಕದ್ದನ್ನು ತರುವುದು ನನ್ನ ಕಸುಬು. ಆ ಗಾಡಿ ನನಗೆ ಕೊಟ್ಟದ್ದು ಬರೀ ಅನ್ನವನ್ನಲ್ಲ. ಅದಕ್ಕೇ ಇವತ್ತಿಗೂ ಅದನ್ನು ನೆನೆದು ಕೈ ಮುಗಿಯುತ್ತೇನೆ.

ನಿಶ್ಚಯದ ಊಟ

ಗಾಡಿಗೆ ಎಲ್ಲ ಇತ್ತು, ಪಿಕಪ್ ಒಂದಿರಲಿಲ್ಲ. ಆಕ್ಸಲರೇಟರ್ ತುಳಿದರೆ ಮೊದಲು ಸಪ್ಪಳ ಬರುತ್ತಿತ್ತು, ಆಮೇಲೆ ಹೊಗೆ, ಆಮೇಲೆ ಮನಸ್ಸಾದರೆ ಗಾಡಿ ಹೊರಡುತ್ತಿತ್ತು. ಖಾನಾಪುರದ ಹೊಳೆ ದಾಟಿದ ಮೇಲೆ ಒಂದು ಏರು. ಅದು ಬಂತೆಂದರೆ ಹಿಂದೆ ಕೂತವರೆಲ್ಲ ಯಾರೂ ಹೇಳದೆ ಧಪಧಪ ಇಳಿದು, ಎಲೆ ಅಡಿಕೆ ಹಾಕಿಕೊಳ್ಳುತ್ತ ನಡೆದು, ಗಾಡಿಗಿಂತ ಮುಂಚೆ ಮೇಲೆ ಹೋಗಿ ಕೂತಿರುತ್ತಿದ್ದರು. ಹೊರಗಿನವರ ಮಾತು ಯಾಕೆ, ನಮ್ಮವ್ವನೂ ಹಾಗೇ ಇಳಿಯುತ್ತಿದ್ದಳು.

ನನಗಾಗ ಮೂವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಆ ಏರಿನಾಚೆಯ ಒಂದು ಊರಲ್ಲಿ ಹೆಣ್ಣು ನೋಡಲು ಬೆಳಿಗ್ಗೆ ಹತ್ತಕ್ಕೆ ಬರಹೇಳಿದ್ದರು. ನಾನು, ಅವ್ವ, ಸೋದರಮಾವ ಮುಟ್ಟಿದ್ದು ಮಧ್ಯಾಹ್ನ ಒಂದಕ್ಕೆ. ಅವತ್ತೇ ಇನ್ನೊಂದು ಕಡೆಯವರನ್ನೂ ಕರೆದಿದ್ದರಂತೆ. ಅವರು ಬಸ್ಸಿನಲ್ಲಿ ಬಂದು, ಹುಡುಗಿಯನ್ನು ನೋಡಿ, ಎಲೆ ಅಡಿಕೆ ಬದಲಿಸಿಯೂ ಆಗಿತ್ತು.

ಹುಡುಗಿಯ ತಂದೆ ಒಳ್ಳೆಯ ಮನುಷ್ಯ. ಪಾಪ, ಬಹಳ ನೊಂದುಕೊಂಡರು. "ದಾರಿ ನೋಡಿ ನೋಡಿ ಸಾಕಾತ್ರಿ. ನೀವು ಬರೂದಿಲ್ಲಂತ ತಿಳಕೊಂಡು ಅವರಿಗೆ ಮಾತು ಕೊಟ್ಟಬಿಟ್ವಿ. ಬಂದದ್ದು ಬಂದೀರಿ, ಉಂಡು ಹೋಗ್ರಿ" ಎಂದರು.

ಹಸಿವಿಗೆ ಮಾನ ಎಲ್ಲಿಯದು? ಪಂಕ್ತಿಯಲ್ಲಿ ಕೂತು ಹೋಳಿಗೆ ಹೊಡೆದೆವು. ನನ್ನ ಎಲೆಗೆ ಬಗ್ಗಿ ಬಗ್ಗಿ ತುಪ್ಪ ಬಡಿಸಿದವನು ಆ ಮನೆಯ ಹೊಸ ಅಳಿಯ.

ಮಿಸ್ತ್ರಿಯ ಔಷಧ

ಎರಡನೆಯ ಸಂಬಂಧವೂ ಹಾಗೇ ದಾರಿಯಲ್ಲಿ ತಪ್ಪಿತು. "ಇನ್ನ ಬಸ್ಸಿಗಿ ಹೋಗೂಣು" ಎಂದಳು ಅವ್ವ. ಸೋದರಮಾವ ಒಪ್ಪಲಿಲ್ಲ. "ಗಾಡಿ ಇದ್ದಾಂವ ಬಸ್ಸಿಗಿ ಬಂದಾನಂದ್ರ ಗಾಡಿ ಸತ್ತೈತಿ ಅಂತಾರ. ಹೆಣ್ಣು ಯಾರು ಕೊಡ್ತಾರವಾ?" ಅದೂ ಖರೇ. ಗಾಡಿ ಚುರುಕಾಗದೆ ನನ್ನ ಮದುವೆ ಆಗುವ ಹಾಗಿರಲಿಲ್ಲ.

ಬೆಳಗಾವಿ ಟಿಳಕವಾಡಿಯ ನಮ್ಮ ಮನೆಯ ಹತ್ತಿರ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದರು. ಗಾಡಿಯನ್ನು ಬೈಯುವಾಗ ಮರಾಠಿ, ಗಾಡಿಯವನಿಗೆ ಸಮಾಧಾನ ಹೇಳುವಾಗ ಕನ್ನಡ. ಗಾಡಿ ಒಂದು ಸುತ್ತು ಓಡಿಸಿ ನೋಡಿ, ಮರಾಠಿಯಲ್ಲಿ ಒಂದಿಷ್ಟು ಮಾತಾಡಿ, ಆಮೇಲೆ ನನ್ನ ಕಡೆ ತಿರುಗಿದರು.

"ಇಂಜಿನ್ ಮುದುಕ ಆಗೇತಿ. ಆದ್ರ ಹಿಂದಿನ ಗಾಲಿ ತಿರುಗಸೂ ಹಲ್ಲು ಅದಕ್ಕ ಹರೇದ ಹುಡುಗನಂಗ ದಾಪುಗಾಲು ಹಾಕು ಅಂತಾವ. ಹೆಂಗ ಹಾಕೀತು? ಮುದುಕಗ ಸಣ್ಣ ಹೆಜ್ಜಿ ಕೊಡೂಣು, ಮ್ಯಾಲ ಒಂದಿಷ್ಟು ಕಸುವೂ ತುಂಬೂಣು. ಓಟ ಸ್ವಲ್ಪ ಕಡಿಮಿ ಆಗ್ತೈತಿ. ಎದ್ದು ಹೊಂಡೂದು ಮಾತ್ರ ನೋಡ್ರಿ ಆಮ್ಯಾಲ!"

ಹಾಗೇ ಮಾಡಿದರು. ಹಿಂದಿನ ಡಿಫರೆನ್ಶಿಯಲ್ ಬಿಚ್ಚಿ, ಗುಜರಿಯಲ್ಲಿ ಹುಡುಕಿ ತಂದ ಬೇರೆ ಹಲ್ಲಿನ ಕ್ರೌನ್ ಪಿನಿಯನ್ ಕೂಡಿಸಿದರು. ಇಂಜಿನ್ ಬೋರ್ ಮಾಡಿಸಿ ದಪ್ಪ ಪಿಸ್ಟನ್ ಹಾಕಿದರು, ವಾಲ್ವ್ ಉಜ್ಜಿದರು, ದೊಡ್ಡ ಕಾರ್ಬೊರೇಟರ್ ಏರಿಸಿದರು. ಒಂದು ತಿಂಗಳು ಹಿಡಿಯಿತು. ನಾನು ದಿನಾ ಹೋಗಿ, "ಲಗೂ ಮಾಡ್ರಿ ಮಿಸ್ತ್ರಿ, ನನ್ನ ಮದುವಿ ನಿಮ್ಮ ಕೈಯಾಗ ಐತಿ" ಎನ್ನುತ್ತಿದ್ದೆ.

ಒಂದು ದಿನ ಅವರು ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೊತ್ತಿಗಿ ಮುಟ್ಟಸೂದು ನನ್ನ ಕೆಲಸ. ಹೊತ್ತಿಗಿ ಮುಟ್ಟಿದ ಮ್ಯಾಲೂ ಅವರು ನಿಮ್ಮ ಮಾರಿ ನೋಡಿ ಬ್ಯಾಡ ಅಂದ್ರ, ಗಾಡಿ ತಿರುಗಿ ನನ್ನ ಕಡೆ ತರಬ್ಯಾಡ್ರಿ."

ತುಂಬಿದ ಕೊಡ

ಹೊಸ ಹಲ್ಲಿನ ಗಾಡಿಯಲ್ಲಿ ಮೊದಲು ಹೇರಿದ್ದು ಖಾನಾಪುರದ ಒಬ್ಬ ಕುಂಬಾರ ಅಕ್ಕನ ಗಡಿಗೆಗಳನ್ನು. ಹುಲ್ಲು ಹಾಸಿ, ಗಡಿಗೆ ಜೋಡಿಸಿ, ನಡುವೆ ಅಕ್ಕ ಕೂತಳು. ನಾನು ಹಳೆಯ ರೂಢಿಯಂತೆ ಕ್ಲಚ್ ಬಿಟ್ಟು ಪೂರಾ ತುಳಿದೆ. ಗಾಡಿ ಕರು ಹಗ್ಗ ಹರಿದುಕೊಂಡ ಹಾಗೆ ಜಿಗಿಯಿತು. ಹಿಂದಿನಿಂದ ಟಪ್ ಟಪ್ ಎಂದು ಎರಡು ಗಡಿಗೆ ಒಡೆದ ಸಪ್ಪಳ.

"ಯಪ್ಪಾ, ನಿಲ್ಲಸು!" ಎಂದಳು ಅಕ್ಕ. "ಮೊದಲ ನಿನ್ನ ಗಾಡಿ ನಿಂತೈತೋ ಹೊಂಟೈತೋ ತಿಳೀತಿರಲಿಲ್ಲ. ಈಗ ಗಾಡಿ ಹೊಂಡೂಕಿಂತ ಮೊದಲ ಗಡಗಿ ಹೊಂಟಾವಲ್ಲೋ!"

ಬೈದು ಇಳಿದು ಹೋಗಬಹುದಿತ್ತು. ಹೋಗಲಿಲ್ಲ. ಒಂದು ಕೊಡದ ತುಂಬ ನೀರು ತಂದು ನನ್ನ ಬಾಜೂಕೆ ಸೀಟಿನ ಮೇಲೆ ಇಟ್ಟಳು. "ಇದು ತುಳುಕಬಾರದು, ಹಂಗ ಹೊಡಿ" ಎಂದಳು. ಕ್ಲಚ್ಚನ್ನು ಎಷ್ಟು ಮೆತ್ತಗೆ ಬಿಡಬೇಕೆಂದು ನಾನು ಕಲಿತದ್ದು ಆ ಕೊಡದಿಂದ. ಅಕ್ಕನ ಆ ಉಪಕಾರ ದೊಡ್ಡದು. ಆದರೆ ವಿದ್ಯೆ ಒಂದೇ ದಿನಕ್ಕೆ ಬರುವುದಿಲ್ಲವಲ್ಲ. ಬೆಳಗಾವಿ ಮುಟ್ಟುವಷ್ಟರಲ್ಲಿ ಅರ್ಧ ಕೊಡ ನನ್ನ ಪ್ಯಾಂಟಿನ ಮೇಲಿತ್ತು.

ನಾನು ಸಾಮಾನು ಹೇರುತ್ತಿದ್ದ ಕಿರಾಣಿ ಅಂಗಡಿಯ ಜೈನ ಸಾವಕಾರರು ನಾನು ಇಳಿಯುವುದನ್ನು ನೋಡಿದರು. ನನ್ನ ಪ್ಯಾಂಟು ನೋಡಿದರು, ಗಾಡಿ ನೋಡಿದರು. ಆಮೇಲೆ ಹತ್ತಿರ ಬಂದು ಯಾರಿಗೂ ಕೇಳದ ಹಾಗೆ, "ತಮ್ಮಾ, ಅಷ್ಟು ಜೋರ ಓಡ್ತೈತೇನೋ ಈಗ?" ಎಂದರು.

ಸುಳ್ಳು ಮುಳ್ಳು

ಹಿಂದಿನ ಹಲ್ಲು ಬದಲಾದ ಮೇಲೆ ಸ್ಪೀಡಿನ ಮುಳ್ಳು ಸುಳ್ಳು ಹೇಳತೊಡಗಿತು. ಗಾಡಿ ನಲವತ್ತರಲ್ಲಿ ಹೋದರೆ ಅದು ಅರವತ್ತು ತೋರಿಸುತ್ತಿತ್ತು. ನಾನೂ ಸುಮ್ಮನಿದ್ದೆ. ನೋಡಿದವರು ಮೆಚ್ಚಿಕೊಳ್ಳುತ್ತಿದ್ದರು, ನನ್ನದೇನು ಹೋಗಬೇಕು?

ಒಮ್ಮೆ ನಿವೃತ್ತ ಗಣಿತ ಮಾಸ್ತರರು ಮುಂದೆ ಕೂತಿದ್ದರು. ಮುಳ್ಳು ಅರವತ್ತಕ್ಕೆ ಹೋದದ್ದೇ ತಡ, ಬಾಗಿಲು ಅವಚಿ ಹಿಡಿದು ಕಣ್ಣು ಮುಚ್ಚಿದರು. ಆದರೆ ಗಣಿತದವರು ನೋಡಿ, ಸುಮ್ಮನೆ ಕೂಡಲಾರರು. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದು ಕಿಲೋಮೀಟರ್ ಕಲ್ಲು ನೋಡಿದರು, ಕೈಗಡಿಯಾರ ನೋಡಿದರು, ಬೆರಳು ಮಡಿಚಿದರು. ಮತ್ತೊಂದು ಕಲ್ಲು ಬರುವಷ್ಟರಲ್ಲಿ ಲೆಕ್ಕ ಬಿಡಿಸಿಯೂ ಆಗಿತ್ತು.

"ಏ, ಇದು ನಲವತ್ತೈತಿ!" ಎಂದು ಕೂಗಿದರು. "ಹಂಗಾದ್ರ ಇಪ್ಪತ್ತರಷ್ಟು ನಾ ಸುಮ್ಮನ ಅಂಜಿದೆನಲ್ಲೋ!"

ಹಲಸಿಯ ಹೆಣ್ಣು

ಮೂರನೆಯ ಸಂಬಂಧ ಅದೇ ಏರಿನಾಚೆಯ ಹಲಸಿ ಊರಿನದು. "ಇದೂ ತಪ್ಪಿದ್ರ ನಾ ಇನ್ನ ಯಾರ ಮನಿ ಮೆಟ್ಟಲೂ ಹತ್ತೂದಿಲ್ಲ" ಎಂದು ಅವ್ವ ಹೇಳಿಬಿಟ್ಟಿದ್ದಳು. ಅವ್ವ, ಸೋದರಮಾವ, ಚಿಕ್ಕಪ್ಪನ ಹೆಂಡತಿ ಕಾಕು ಮೂವರೂ ಹಿಂದೆ ಕೂತರು. ಉಡಿ ತುಂಬುವ ಹಣ್ಣಿನ ಬುಟ್ಟಿಗೆ ಧೂಳು ಹತ್ತಬಾರದೆಂದು ಅವ್ವ ಅದನ್ನು ನನ್ನ ಬಾಜೂಕೆ ಸೀಟಿನ ಮೇಲೆ ಇಟ್ಟಿದ್ದಳು. ಗಾಡಿ ಸುಧಾರಿಸಿದ ಮೇಲೆ ಅವರು ಅದರಲ್ಲಿ ಹತ್ತಿದ್ದು ಅದೇ ಮೊದಲು.

ಹೊಳೆ ದಾಟಿದೆವು. ಏರಿನ ಬುಡದಲ್ಲಿ ಎಮ್ಮೆಗಳು ಅಡ್ಡ ಬಂದವು. ಗಾಡಿ ನಿಂತಂತೆ ಮಾಡಿ, ಅವು ಸರಿದ ಕೂಡಲೇ ಒತ್ತಿದೆ. ಆಹಾ! ಏರೋ ಇಳಿಜಾರೋ ತಿಳಿಯದ ಹಾಗೆ ಏರಿತು ನನ್ನ ಗಾಡಿ. ಹಿಂದಿನಿಂದ ಕೂಗು ಕೇಳಿಸಿತು. ನಮ್ಮವರು ಹುರುಪಿಗೆ ಕೂಗುತ್ತಿದ್ದಾರೆಂದು ನಾನೂ ಕೈ ಹೊರಗೆ ಹಾಕಿ ಬೀಸಿದೆ. ಬಾಜೂಕಿನ ಕನ್ನಡಿಯಲ್ಲಿ ನನ್ನ ಮೀಸೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅವತ್ತು ನನಗೂ ಬೇರೇನೂ ನೋಡಬೇಕಾಗಿರಲಿಲ್ಲ.

ಹಲಸಿಗೆ ಅರ್ಧ ತಾಸು ಮೊದಲೇ ಮುಟ್ಟಿದೆ. ಹುಡುಗಿಯ ತಂದೆ ಕಾಲಿಗೆ ನೀರು ಹಿಡಿದು ಅಂಗಳಕ್ಕೆ ಬಂದರು.

"ಬರ್ರಿ, ಬರ್ರಿ. ಹಿರ್ಯಾರು ಎಲ್ಲದಾರ್ರಿ?"

"ಹಿಂದ ಅದಾರ್ರಿ" ಎಂದು ಜಂಬದಿಂದ ಹಿಂದಿನ ಹಲಗೆ ಇಳಿಸಿದೆ. ಒಳಗೆ ಒಂದು ಚಾಪೆ, ಅವ್ವನ ಚಪ್ಪಲಿ.

ಏರು ಬಂದ ಕೂಡಲೇ ಮೂವರೂ ರೂಢಿಯಂತೆ ಇಳಿದುಬಿಟ್ಟಿದ್ದರು! ಹುಡುಗಿಯ ಅಜ್ಜಿ ಬಗ್ಗಿ ನೋಡಿ, "ತಾವು ಬರಲಿಲ್ಲ, ಪಾದುಕಾ ಕಳಿಸ್ಯಾರ" ಎಂದಳು. ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ನನಗೆ ಅಳುವೇ ಬಂದಂತಾಯಿತು. "ಹೋಗಿ ಕರಕೊಂಡು ಬರ್ತೀನ್ರಿ" ಎಂದೆ.

"ಹೋಗಿ ಬರೂದರಾಗ ಒಳ್ಳೇ ಹೊತ್ತು ಮೀರತೈತಿ" ಎಂದಳು ಅಜ್ಜಿ. "ಹಿರ್ಯಾರು ಎಲ್ಲಿ ಅದಾರೋ ಅಲ್ಲೇ ಹೆಣ್ಣು ತೋರಸೂಣು. ಉಪ್ಪಿಟ್ಟಿನ ಬೋಗೋಣಿ ತಗೋರಿ, ನಡೀರಿ!"

ಇಡೀ ಮನೆಯೇ ಗಾಡಿ ಹತ್ತಿತು, ಹುಡುಗಿಯೂ ಹತ್ತಿದಳು. ಏರಿನ ತುದಿಯಲ್ಲಿ ಒಂದು ಮರದ ಕೆಳಗೆ ಅವ್ವ ಬರಿಗಾಲಲ್ಲಿ ಕೂತಿದ್ದಳು. ಸೋದರಮಾವ ನನ್ನನ್ನು ಬೈಯಲು ಬಾಯಿ ತೆರೆದವರು ಬೀಗರಾಗುವವರನ್ನು ಕಂಡು ಹಾಗೇ ನಕ್ಕರು. ಚಾಪೆ ಹಾಸಿದೆವು. ಹೋಗಿ ಬರುವ ಬಸ್ಸಿನವರೆಲ್ಲ ಇಣುಕಿ ನೋಡುವಂತೆ ಉಪ್ಪಿಟ್ಟು ತಿಂದೆವು.

ಸೋದರಮಾವ ಗಂಭೀರರಾಗಿ, "ತಂಗೀ, ನಿನಗೇನರ ಕೇಳೂದೈತೇನವಾ?" ಎಂದರು.

ಹುಡುಗಿ ತಲೆ ಬಗ್ಗಿಸಿಕೊಂಡೇ ಹೇಳಿದಳು. "ಮದುವಿ ಆದಮ್ಯಾಲ ನನ್ನನ್ನ ಗಾಡ್ಯಾಗ ಮುಂದ ಕುಂದರಸ್ತಾರೋ, ಹಿಂದ ಕುಂದರಸ್ತಾರೋ, ಅಷ್ಟ ಕೇಳ್ರಿ."

ನಾನು ಬಾಯಿ ತೆರೆಯುವ ಮೊದಲೇ ಅವ್ವ ಎದ್ದಳು. ಮುಂದಿನ ಸೀಟಿನ ಹಣ್ಣಿನ ಬುಟ್ಟಿ ಎತ್ತಿ ಹಿಂದೆ ಇಟ್ಟು, ಸೀಟನ್ನು ಸೆರಗಿನಿಂದ ಒರೆಸಿ, "ಬಾರವಾ, ಇಲ್ಲಿ ಕುಂದರು" ಎಂದಳು. ಅಜ್ಜಿ ಅಲ್ಲೇ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು.

ಹುಡುಗಿ ಒಪ್ಪಿಗೆಯೋ ಅಂತ ನನ್ನನ್ನು ಮಾತ್ರ ಅವತ್ತು ಯಾರೂ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ಕೇಳಿದ್ದರೆ ನಾಚಿಕೆಗೆ ನಾನು ಏನಾದರೂ ತಪ್ಪು ಮಾತಾಡಿ ಕೆಡಿಸುತ್ತಿದ್ದೆ. ಕೇಳದೆ ಬಿಟ್ಟ ಆ ಎಲ್ಲ ಹಿರಿಯರಿಗೂ ನಾನು ಜನ್ಮವಿಡೀ ಋಣಿ.